ಸಾವಿರಕ್ಕೆ ಎರಡು

ಸ್ಫಾಕ್ಸ್, 12 ಫೆಬ್ರವರಿ 2018

ಪ್ರಿಯ ಲಸ್ಸಾದ್,

ಈ ಡಬ್ಬಿಯಲ್ಲಿ ತಿನ್ನುವಂಥದ್ದೇನೂ ಇಲ್ಲ, ಆಸೆ ಪಡಬೇಡ. ಹತ್ತಿಯಲ್ಲಿ ಸುತ್ತಿರುವ ಪುಟ್ಟ ಶೀಷೆಯ ತಳದಲ್ಲಿ ಒಂದಿಷ್ಟು ಕಂದು ಪುಡಿ ಇದೆಯಲ್ಲ, ಅದೇ ನಮ್ಮ ಬಣ್ಣ. ಬಣ್ಣ ಎಂದು ಕರೆಯುವುದಕ್ಕೆ ನಾಚಿಕೆಯಾಗುತ್ತದೆ. ಕರಗಿಸಿದರೆ ಪಾತ್ರೆ ತೊಳೆದ ನೀರಿನ ಹಾಗೆ ಕಾಣುತ್ತದೆ. ಅದು ನುಂಗುವುದೂ ಉಗುಳುವುದೂ ಕಣ್ಣಿಗೆ ಕಾಣದ ಬೆಳಕನ್ನು, ಅವಗೆಂಪಿನಲ್ಲೂ ಆಚೆ ತುದಿಯದನ್ನು. ಮಾಂಸ ಚರ್ಮಗಳ ಒಳಗಿಂದ ಚೆದುರದೆ ಹೊರಗೆ ಬರುವ ಬೆಳಕು ಅದೊಂದೇ ಎಂದು ನಿನಗೆ ನಾನು ಪಾಠ ಮಾಡಬೇಕಾಗಿಲ್ಲ. ಆದರೂ ಮಾಡುತ್ತೇನೆ. ಕಾಲೇಜಿನಲ್ಲಿ ನನ್ನ ಟಿಪ್ಪಣಿ ನೋಡಿಯೇ ನೀನು ಪಾಸಾದದ್ದು.

ನಿಮ್ಮ ಗುಂಪಿನವರು ಅಣುವಿನ ಸರಪಳಿಯನ್ನು ಉದ್ದ ಮಾಡುತ್ತಾ ಹೋದಿರಿ. ಉದ್ದವಾದಷ್ಟೂ ಬೆಳಕು ಕೆಂಪಿನ ಆಚೆಗೆ ಜಾರುತ್ತದೆ, ನಿಜ. ಆದರೆ ಉದ್ದವಾದದ್ದು ಬಳುಕುತ್ತದೆ, ನುಂಗಿದ್ದನ್ನೆಲ್ಲ ಬಳುಕಿಯೇ ಖರ್ಚು ಮಾಡುತ್ತದೆ, ಉಗುಳುವುದಕ್ಕೆ ಏನೂ ಉಳಿಯುವುದಿಲ್ಲ. ನನ್ನ ವಿದ್ಯಾರ್ಥಿನಿ ಖೌಲಾ ಸರಪಳಿಯನ್ನು ಮುಟ್ಟಲೇ ಇಲ್ಲ. ಎರಡೂ ತುದಿಯಲ್ಲಿರುವ ಸಾರಜನಕವನ್ನು ಬಳುಕದ ಹಾಗೆ ಪರಮಾಣುಗಳ ಉಂಗುರದೊಳಗೆ ಬಿಗಿದು ಕಟ್ಟಿ ಹಾಕಿದಳು. ಆರು ವರ್ಷದಿಂದ ನನ್ನ ಬಳಿ ಇದ್ದಾಳೆ. ಇದು ಅವಳದೇ ಯೋಚನೆ, ಅವಳದೇ ಕೈಕೆಲಸ.

ಟ್ಯೂನಿಸ್‌ನಲ್ಲಿ ಗೆಳತಿಯ ಹಳೇ ಉಪಕರಣದಲ್ಲಿ ಅಳೆದೆವು. ನುಂಗಿದ ಬೆಳಕಿನಲ್ಲಿ ಸಾವಿರಕ್ಕೆ ಇಪ್ಪತ್ತು ಪಾಲು ವಾಪಸು ಕೊಡುತ್ತದೆ. ನಗಬೇಡ, ಈ ದಂಧೆಯಲ್ಲಿ ಅದು ಸಿರಿವಂತಿಕೆ. ನಿಮ್ಮದು ಹತ್ತು ಅಲ್ಲವೇ?

ನಮ್ಮ ನಾಲ್ಕು ದೇಶಗಳ ಒಕ್ಕೂಟದ ಎಲ್ಲ ಗುಂಪುಗಳ ಬಣ್ಣಗಳನ್ನೂ ಅಳೆಯುವ ಕೆಲಸ ನಿನಗೇ ಬಂದಿರುವುದು ನಮ್ಮ ಪುಣ್ಯ. ಸೆಪ್ಟೆಂಬರಿನಲ್ಲಿ ಅವುಗಳಲ್ಲಿ ಒಂದೇ ಒಂದು ರೋಗಿಯ ಮೈಯೊಳಗನ್ನು ಬೆಳಗಿ ನೋಡುವುದಕ್ಕೆ ಶಸ್ತ್ರಚಿಕಿತ್ಸಕರ ಕೈಗೆ ಹೋಗುತ್ತದೆ. ಅದು ಇದೇ ಆದರೆ ಖೌಲಾಳ ಪದವಿ, ಕೆಲಸ, ಬದುಕು ಎಲ್ಲ ನೆಟ್ಟಗಾಗುತ್ತದೆ. ಪಕ್ಷಪಾತ ಬೇಡ. ಸರಿಯಾಗಿ ಅಳೆ, ಸಾಕು.

ನಿನ್ನ
ನಜ್ಲಾ


ಮ್ಯೂನಿಕ್, 20 ಮಾರ್ಚ್ 2018

ಪ್ರಿಯ ನಜ್ಲಾ,

ಡಬ್ಬಿ ತಲುಪಿತು. ಹೇಳುವುದಕ್ಕೆ ಬೇಸರವಾಗುತ್ತದೆ, ನಿಮ್ಮ ಬಣ್ಣ ಮಂಕಾಗಿದೆ. ಸಾವಿರಕ್ಕೆ ಇಪ್ಪತ್ತಲ್ಲ, ಎರಡು. ಮತ್ತೆ ಮತ್ತೆ ನೋಡಿದೆ.

ದಾರಿಯಲ್ಲಿ ತೇವ ತಗುಲಿರಬಹುದು. ಅಥವಾ ಶುದ್ಧಿ ಮಾಡುವಾಗಲೇ ಏನಾದರೂ ಆಗಿರಬಹುದು. ಪುಡಿಯನ್ನು ಶೀಷೆಗೆ ತುಂಬಿದವರು ಯಾರು? ಕೈ ಪಳಗದವರಾದರೆ ಇಂಥದ್ದು ಆಗುತ್ತದೆ. ನಾನು ಯಾರನ್ನೂ ದೂರುತ್ತಿಲ್ಲ.

ಇಲ್ಲಿ ಇನ್ನೂ ಹಿಮ. ಮಕ್ಕಳಿಗೆ ಶೀತ. ಒಲೆಯ ಮೇಲೆ ಹರೀಸಾ ಮೆಣಸಿನಕಾಯಿ ಖಾರ ಹಾಕಿದ ಸಾರು ಕುದಿಯುತ್ತಿದ್ದರೆ ಮಾತ್ರ ಊರಲ್ಲಿದ್ದ ಹಾಗೆ ಅನ್ನಿಸುತ್ತದೆ.

ಲಸ್ಸಾದ್


ಸ್ಫಾಕ್ಸ್, 2 ಏಪ್ರಿಲ್ 2018

ಲಸ್ಸಾದ್,

ಎರಡೇ? ಕ್ಯಾಮೆರಾದ ಮುಚ್ಚಳ ತೆಗೆದು ಅಳೆದೆಯೋ, ಹಾಗೇ ಅಳೆದೆಯೋ?

ನಿನ್ನ ಪತ್ರ ಓದಿ ನನ್ನ ತಲೆ ಕೆಟ್ಟುಹೋಯಿತು. ಶೀಷೆಯನ್ನು ಪ್ರಯೋಗಾಲಯದಿಂದ ಅಂಚೆಯವರೆಗೆ ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ಹೋದವಳು ನಾನು. ದಾರಿಯಲ್ಲಿ ಕೆಟ್ಟಿತು ಅನ್ನುವುದನ್ನು ನಾನು ನಂಬುವುದಿಲ್ಲ. ಹಾಗಾದರೆ ಉಳಿಯುವುದು ನೀನು ಹೇಳಿದ ಎರಡನೆಯದೇ. ಖೌಲಾಳನ್ನು ಕರೆದು ಎಲ್ಲರೆದುರೇ ಕೇಳಿದೆ.

"ಮೇಡಂ, ತೇವ ಹೆಂಗೆ ಹೋಗತ್ತೆ? ಮುಚ್ಚಳಕ್ಕೆ ಮೇಣ ಹಚ್ಚಿದ್ದೆ, ನೀವೇ ಪಕ್ಕದಲ್ಲಿ ನಿಂತು ನೋಡಿದ್ರಿ."

"ನೋಡಿದ್ದೆ. ಹಂಗಂತ ಮ್ಯೂನಿಕ್‌ನಲ್ಲಿ ಕೂತಿರೋನು ಸುಳ್ಳು ಹೇಳ್ತಾನೇನು?"

"ಅವ್ರು ಸುಳ್ಳು ಹೇಳ್ತಾರೆ ಅನ್ಲಿಲ್ಲ. ನನ್ನ ಕೈಯಲ್ಲಿ ತಪ್ಪಾಗಿಲ್ಲ ಅಂದೆ."

"ಎರಡೂ ಹೆಂಗಮ್ಮ ನಿಜ ಆಗತ್ತೆ?"

ಮೊದಲಿನಿಂದ ಎಲ್ಲ ಮತ್ತೆ ಮಾಡು ಎಂದಿದ್ದೇನೆ. ಇಲ್ಲಿ ಮತ್ತೆ ಮಾಡುವುದು ಎಂದರೇನು ಎಂದು ಮರೆತಿದ್ದರೆ ನೆನಪಿಸುತ್ತೇನೆ. ಸಾರಜನಕದ ಸಿಲಿಂಡರಿಗೆ ಬೇಡಿಕೆ ಬರೆದು ಡೀನ್ ಸಹಿಗೆ ಕಾಯಬೇಕು. ದ್ರಾವಕ ಬರುವಷ್ಟರಲ್ಲಿ ಕರೆಂಟು ಹೋಗುತ್ತದೆ, ಕರೆಂಟು ಬರುವಷ್ಟರಲ್ಲಿ ಮುಷ್ಕರ ಶುರುವಾಗುತ್ತದೆ. ಆದರೂ ಮಾಡಿ ಕಳಿಸುತ್ತೇವೆ. ಸ್ಫಾಕ್ಸಿನವರು ಜಿಪುಣರು ಎಂದು ದೇಶವೇ ನಗುತ್ತದಲ್ಲ, ಸೋಲುವ ವಿಷಯದಲ್ಲೂ ನಾವು ಜಿಪುಣರೇ.

ನಜ್ಲಾ


ಮ್ಯೂನಿಕ್, 11 ಜೂನ್ 2018

ಪ್ರಿಯ ನಜ್ಲಾ,

ಎರಡನೆಯ ಶೀಷೆಯನ್ನೂ ಅಳೆದೆ. ಅದೇ ಎರಡು.

ಇಷ್ಟು ತಲೆ ಕೆಡಿಸಿಕೊಳ್ಳಬೇಡ. ಎಲ್ಲ ಬಣ್ಣವೂ ಗೆಲ್ಲಬೇಕೆಂದಿಲ್ಲ. ನಿನ್ನ ಹುಡುಗಿ ಜಾಣೆಯೇ ಇರಬೇಕು, ಸ್ವಲ್ಪ ಅವಸರದವಳೇನೋ. ಇಲ್ಲಿ ನಮ್ಮದು ಹತ್ತರಲ್ಲೇ ಗಟ್ಟಿಯಾಗಿ ನಿಂತಿದೆ. ಪ್ರೊಫೆಸರ್ ಖುಷಿಯಾಗಿದ್ದಾರೆ.

ಈದ್ ಮುಬಾರಕ್. ಉಪ್ಪು ಮೀನು, ಒಣದ್ರಾಕ್ಷಿಯ ಗೊಜ್ಜು ತಿನ್ನುವಾಗ ನನ್ನ ಹೆಸರಿನಲ್ಲೂ ಒಂದು ತುತ್ತು ತಿನ್ನು.

ಲಸ್ಸಾದ್


ಸ್ಫಾಕ್ಸ್, 24 ಜುಲೈ 2018

ಲಸ್ಸಾದ್,

ನಿನ್ನ ಹೆಸರಿನ ತುತ್ತು ನನ್ನ ಗಂಟಲಿಗಿಳಿಯಲಿಲ್ಲ.

ಉಪವಾಸದ ತಿಂಗಳಲ್ಲೂ ಖೌಲಾ ಆ ಎರಡನೆಯ ಶೀಷೆಗಾಗಿ ದುಡಿದಿದ್ದಳು. ಹನಿ ನೀರು ಕುಡಿಯದೆ ವಿಷದ ಆವಿ ಹೀರುವ ಕಪಾಟಿನ ಮುಂದೆ ನಿಂತಿರುತ್ತಿದ್ದಳು. ಅವಳ ತಂಗಿಯ ನಿಶ್ಚಿತಾರ್ಥ ಇತ್ತು, ಅದಕ್ಕೂ ಹೋಗಗೊಡಲಿಲ್ಲ ನಾನು. ಹಬ್ಬದ ಮೂರನೆಯ ದಿನ ನಿನ್ನ ಪತ್ರ ಬಂತು. ಅವಸರದವಳೇನೋ ಎಂಬ ನಿನ್ನ ಮಾತನ್ನು ಅವಳಿಗೆ ಓದಿ ಹೇಳಿದೆ. ಓದಬಾರದಿತ್ತು, ಆದರೆ ಸಿಟ್ಟಿನಲ್ಲಿ ಓದಿಬಿಟ್ಟೆ.

"ಇನ್ನೊಂದ್ಸಲ ಮಾಡು," ಅಂದೆ. "ಈ ಸಲ ಪ್ರತಿಯೊಂದಕ್ಕೂ ನಾನೇ ಪಕ್ಕದಲ್ಲಿ ನಿಂತಿರ್ತೀನಿ."

"ಕಾವಲಿಗಾ ಮೇಡಂ?"

"ಏನಾದ್ರೂ ಅನ್ಕೋ."

"ಆಯ್ತು. ಮೂರನೇದೂ ಮಾಡಿಕೊಡ್ತೀನಿ. ಆಮೇಲೆ ನನ್ನ ಲ್ಯಾಬ್ ಕೋಟು ಬೇರೆಯವ್ರಿಗೆ ಕೊಟ್ಬಿಡಿ."

ಹೇಳಿದಂತೆಯೇ ಮಾಡಿದಳು. ಪುಡಿಯನ್ನು ಶೀಷೆಗೆ ತುಂಬಿ, ಮೇಣ ಹಚ್ಚಿ, ನನ್ನ ಮೇಜಿನ ಮೇಲಿಟ್ಟು ಹೋದಳು. ಈಗ ಊರಾಚೆ ಆಲಿವ್ ಎಣ್ಣೆ ಕಂಪನಿಯೊಂದರಲ್ಲಿ ಎಣ್ಣೆ ಹುಳಿಯಾಗಿದೆಯೇ ಎಂದು ಪರೀಕ್ಷೆ ಮಾಡುತ್ತಾಳಂತೆ. ಹೋಗಲಿ! ಕೆಲಸ ಕೆಡಿಸಿದ್ದು ಸಾಲದು ಎಂದು ಮುಖ ಬೇರೆ ಊದಿಸಿಕೊಂಡು ಹೋಗುತ್ತಾಳೆ. ಇಷ್ಟು ವರ್ಷ ಹೇಳಿಕೊಟ್ಟದ್ದಕ್ಕೆ ಇದು ಮರ್ಯಾದೆ.

ಮೂರನೆಯ ಶೀಷೆಯನ್ನು ನನ್ನ ಅತ್ತಿಗೆಯ ಅಣ್ಣ ಕೈಯಲ್ಲೇ ತರುತ್ತಿದ್ದಾನೆ. ಇದು ಕೆಟ್ಟಿದ್ದರೆ ನಾನೇ ಕೆಡಿಸಿದ್ದು ಎಂದು ತಿಳಿ.

ನಜ್ಲಾ


ಮ್ಯೂನಿಕ್, 4 ಸೆಪ್ಟೆಂಬರ್ 2018

ಮಾನ್ಯ ಡಾ. ನಜ್ಲಾ ಗರ್ಗೂರಿ ಅವರಿಗೆ,

ಒಕ್ಕೂಟದ ಪರವಾಗಿ ತಿಳಿಸುವುದೇನೆಂದರೆ, ತಮ್ಮ ಗುಂಪು ಕಳುಹಿಸಿದ ಬಣ್ಣದ ಮೂರೂ ಮಾದರಿಗಳಲ್ಲಿ ಸಾವಿರಕ್ಕೆ ಎರಡು ಎಂಬ ಫಲಿತಾಂಶವೇ ಬಂದಿದೆ. ತಾವು ವರದಿ ಮಾಡಿದ್ದ ಇಪ್ಪತ್ತನ್ನು ಖಚಿತಪಡಿಸಿಕೊಳ್ಳಲು ಸಾಧ್ಯವಾಗಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸಾ ಪರೀಕ್ಷೆಗೆ ಮ್ಯೂನಿಕ್ ಗುಂಪಿನ ಬಣ್ಣವನ್ನು (ಸಾವಿರಕ್ಕೆ ಹತ್ತು) ಆಯ್ಕೆ ಮಾಡಲಾಗಿದೆ. ತಮ್ಮ ಸಹಕಾರಕ್ಕೆ ವಂದನೆಗಳು.

ತಮ್ಮ ವಿಶ್ವಾಸಿ,
ಲಸ್ಸಾದ್ ಘೊರ್ಬೆಲ್

(ಇದನ್ನು ಹೀಗೇ ಬರೆಯಬೇಕಾಯಿತು ನಜ್ಲಾ. ತಪ್ಪು ತಿಳಿಯಬೇಡ.)


ಸ್ಫಾಕ್ಸ್, 19 ಸೆಪ್ಟೆಂಬರ್ 2018

ಲಸ್ಸಾದ್ ಘೊರ್ಬೆಲ್,

ಖಚಿತಪಡಿಸಿಕೊಳ್ಳಲು ಸಾಧ್ಯವಾಗಿಲ್ಲ! ಎಂಥ ನಾಜೂಕಿನ ಮಾತು. ನಾನು ಸುಳ್ಳಿ ಎಂದು ನಾಲ್ಕು ದೇಶದವರ ಮುಂದೆ ಹೇಳುವುದಕ್ಕೆ ಎಷ್ಟು ಮೃದುವಾದ ಪದಗಳನ್ನು ಹುಡುಕಿದೆ ಮಹಾನುಭಾವ.

ಮೂರನೆಯದೂ ಎರಡೇ ಎಂದು ಓದಿದ ಮೇಲೆ ನನ್ನ ಮಂಕು ತಲೆಗೆ ಹೊಳೆಯಿತು. ಕೆಡುವ ವಸ್ತು ಮೂರು ಸಲವೂ ಒಂದೇ ಅಳತೆಗೆ ಕೆಡುತ್ತದೆಯೇ? ಒಮ್ಮೆ ಅಂಚೆಯಲ್ಲಿ, ಒಮ್ಮೆ ಉಪವಾಸದಲ್ಲಿ, ಒಮ್ಮೆ ನನ್ನ ಕಣ್ಣೆದುರೇ? ಹಾಲು ಕೂಡ ಹಾಗೆ ಒಡೆಯುವುದಿಲ್ಲ.

ಎರಡು ವರ್ಷದ ಹಿಂದೆ ಜಂಬ ತೋರಿಸುವುದಕ್ಕೆ ಎಂದು ನಿಮ್ಮ ಬಣ್ಣದ ಒಂದು ಶೀಷೆಯನ್ನು ನನಗೆ ಕಳಿಸಿದ್ದೆಯಲ್ಲ, ಅದು ನನ್ನ ಫ್ರಿಜ್ಜಿನಲ್ಲಿತ್ತು. ಅದನ್ನೂ ನಮ್ಮದನ್ನೂ ಹಿಡಿದು ಟ್ಯೂನಿಸ್‌ಗೆ ಹೋದೆ. ಯಾವ ಮಾಪಕದ ಹಂಗೂ ಬೇಡ ಎಂದು ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೇ ಬೆಳಕು ಹಾಯಿಸಿದೆ. ನಮ್ಮದು ನಿಮ್ಮದಕ್ಕಿಂತ ಎರಡು ಪಟ್ಟು ಪ್ರಕಾಶ! ಗೆಳತಿ ಕುರ್ಚಿಯಿಂದ ಎದ್ದು ನಿಂತು, "ನಜ್ಲಾ, ನಿನ್ ಸ್ನೇಹಿತ ನಿಂಗೆ ಟೋಪಿ ಹಾಕಿದಾನೆ ಕಣೇ," ಅಂದಳು. "ಹಾಕಿರಲ್ಲ, ಏನೋ ಎಡವಟ್ಟಾಗಿರತ್ತೆ," ಎಂದೆ. ಆಗಲೂ ನಿನ್ನ ಪರವಾಗಿಯೇ ಮಾತಾಡಿದೆ ನಾನು.

ಆಮೇಲೆ ಗೆಳತಿಯೇ ಹುಡುಕಿ ಹೇಳಿದಳು. ನಾವೆಲ್ಲ ನಮ್ಮ ಬಣ್ಣವನ್ನು ಒಂದು ಹಳೇ ಬಣ್ಣದ ಪಕ್ಕ ಇಟ್ಟು ಅಳೆಯುತ್ತೇವಲ್ಲ, ಆ ಮಾಪಕದ ಬಣ್ಣ ಪುಸ್ತಕದಲ್ಲಿ ಬರೆದಿರುವುದರ ಹತ್ತನೇ ಒಂದು ಪಾಲು ಮಾತ್ರ ಬೆಳಗುತ್ತದೆ ಎಂದು ಕೆಲವು ವರ್ಷದ ಹಿಂದೆಯೇ ಗೊತ್ತಾಗಿದೆಯಂತೆ. ಅಂದರೆ ಅದರ ಪಕ್ಕ ಇಟ್ಟು ಅಳೆದ ಅಂಕಿಗಳೆಲ್ಲ ಹತ್ತು ಪಟ್ಟು ಉಬ್ಬಿದವು. ನನಗೆ ಗೊತ್ತಿರಲಿಲ್ಲ. ನಮ್ಮ ಗ್ರಂಥಾಲಯಕ್ಕೆ ಆ ಪತ್ರಿಕೆ ಬರುವುದಿಲ್ಲ. ನಿನಗೆ ಗೊತ್ತಿತ್ತು! ನಮ್ಮ ಬಣ್ಣವನ್ನು ಹೊಸ ಲೆಕ್ಕದಲ್ಲಿ ಅಳೆದೆ, ಎರಡು ಬಂತು. ನಿನ್ನದನ್ನು ಹಳೇ ಲೆಕ್ಕದಲ್ಲೇ ಬಿಟ್ಟೆ, ಹತ್ತಾಗಿಯೇ ಉಳಿಯಿತು. ಒಂದೇ ಲೆಕ್ಕದಲ್ಲಿ ಬರೆದಿದ್ದರೆ ನನ್ನದು ಎರಡು, ನಿನ್ನದು ಒಂದು.

ನಿಮ್ಮಪ್ಪ ಸಂತೆಯಲ್ಲಿ ಆಲಿವ್ ವ್ಯಾಪಾರ ಮಾಡಿದವರು. ಕಫೀಜ್ ಎಂಬ ಅಳತೆ ಊರಿಂದೂರಿಗೆ ಬೇರೆ ಎಂದು ಸಂತೆಗೆ ಬರುವ ಕತ್ತೆಗೂ ಗೊತ್ತು. ತನ್ನ ಕಾಯನ್ನು ಚಿಕ್ಕ ಕಫೀಜಿನಲ್ಲಿ ಅಳೆದು, ಪಕ್ಕದವನದನ್ನು ದೊಡ್ಡದರಲ್ಲಿ ಅಳೆದು, ನೋಡಿ ನನ್ನದೇ ಜಾಸ್ತಿ ಎಂದವನ ತಲೆಗೆ ನಿಮ್ಮಪ್ಪ ಅಳತೆಯ ಪಾತ್ರೆಯನ್ನೇ ಕವುಚುತ್ತಿದ್ದರು. ನಾವು ನಿನ್ನನ್ನು ಅಳೆಯುವುದಕ್ಕೆ ಕೂರಿಸಿದ್ದೆವು. ಅಳೆಯುವವನೇ ಹೀಗೆ ಮಾಡಿದರೆ ಯಾರ ಬಾಗಿಲಿಗೆ ಹೋಗಲಿ?

ಇನ್ನೂ ಎಡವಟ್ಟು ಎನ್ನುವುದಕ್ಕೆ ನಿನಗೆ ಅವಕಾಶವಿದೆ. ಎಡವಟ್ಟಾಯಿತು ಎಂದು ಬರೆ. ನಂಬುತ್ತೇನೆ.

ನಜ್ಲಾ


ಮ್ಯೂನಿಕ್, 1 ಅಕ್ಟೋಬರ್ 2018

ನಜ್ಲಾ,

ಎಡವಟ್ಟಲ್ಲ.

ಮಾರ್ಚಿನಲ್ಲಿ ನಿಮ್ಮ ಬಣ್ಣವನ್ನು ಅಳೆದ ದಿನವೇ ನಮ್ಮದನ್ನೂ ಹೊಸ ಲೆಕ್ಕದಲ್ಲಿ ಅಳೆದೆ. ಒಂದು ಬಂತು. ಪ್ರೊಫೆಸರ್‌ಗೆ ಹೇಳಿದೆ. ಪ್ರಕಟವಾದದ್ದನ್ನು ಕೆದಕಬೇಡ ಎಂದರು. ಅವರು ಎಂದರು ಅನ್ನುವುದೂ ಒಂದು ನೆಪ. ಅವರು ಹಾಗೆ ಅನ್ನಲಿ ಎಂದೇ ನಾನು ಕೇಳಿದ್ದು. ನನ್ನನ್ನು ಇಲ್ಲಿಗೆ ಕರೆಸಿಕೊಂಡದ್ದು ಆ ಹತ್ತನ್ನು ನೋಡಿ. ನನ್ನ ಕೆಲಸ, ಮನೆ, ಮಕ್ಕಳ ಶಾಲೆ, ಈ ದೇಶದಲ್ಲಿ ಇರಲು ಬೇಕಾದ ಕಾಗದ, ಎಲ್ಲ ಅದರ ಮೇಲೆ ನಿಂತಿದೆ. ನೀನು ಅಲ್ಲಿ ಕಾಯಂ. ಒಂದು ಬಣ್ಣ ಸೋತರೆ ನಿನಗೆ ಊಟ ತಪ್ಪುವುದಿಲ್ಲ ಎಂದುಕೊಂಡೆ.

ಮುಂದಿನ ಲೇಖನದಲ್ಲಿ ನಿನ್ನ ಹೆಸರನ್ನು ಎರಡನೆಯದಾಗಿ ಹಾಕುತ್ತೇನೆ. ಉಂಗುರ ಕಟ್ಟುವ ಉಪಾಯ ನಿಮ್ಮದೇ ಎಂದು ಬರೆಯುತ್ತೇನೆ. ಇಬ್ಬರಿಗೂ ಒಳ್ಳೆಯದಾಗುವ ದಾರಿ ಇದು. ಸಿಟ್ಟು ಇಳಿದ ಮೇಲೆ ಯೋಚಿಸು.

ಲಸ್ಸಾದ್


ಸ್ಫಾಕ್ಸ್, 9 ಅಕ್ಟೋಬರ್ 2018

ಲಸ್ಸಾದ್,

ಇಳಿಯಲಿಲ್ಲ.

ನಿನ್ನ ಲೇಖನದಲ್ಲಿ ನನ್ನ ಹೆಸರು ಯಾಕೆ ಬೇಕು? ನನಗೆ ಬೇಕಾದ್ದು ಅಂಕಿ. ಎರಡು ಎಂದರೆ ಎರಡು, ಒಂದು ಎಂದರೆ ಒಂದು. ಉಪಾಯ ನಮ್ಮದು ಎಂದು ಬರೆಯುತ್ತೀಯಂತೆ. ನಮ್ಮದಲ್ಲ, ಖೌಲಾಳದು! ಮೊದಲ ಪತ್ರದಲ್ಲೇ ಹೇಳಿದ್ದೆ.

ನನ್ನದು ನಾನು ತಿದ್ದಿಯಾಯಿತು. ಇಪ್ಪತ್ತು ಎಂದು ಅಚ್ಚು ಹಾಕಿಸಿದ್ದೆನಲ್ಲ, ಅದು ತಪ್ಪು, ಹಳೇ ಮಾಪಕವನ್ನು ನಂಬಿ ಬರೆದದ್ದು, ನಿಜವಾದ ಅಂಕಿ ಎರಡು ಎಂದು ಪತ್ರಿಕೆಗೂ ಒಕ್ಕೂಟಕ್ಕೂ ಬರೆದು ಸಹಿ ಮಾಡಿ ಕಳಿಸಿದೆ. ಡೀನ್ ಕರೆಸಿ, "ಏನಮ್ಮ, ನಮ್ಮ ಮರ್ಯಾದೇನ ನೀನೇ ಹರಾಜಿಗಿಡ್ತೀಯಲ್ಲ?" ಎಂದರು. "ಸುಳ್ಳು ಮರ್ಯಾದೆ ಇಟ್ಕೊಂಡು ಏನ್ ಮಾಡ್ಲಿ ಸರ್?" ಎಂದೆ. ಯಾವ ಮಾಪಕದಲ್ಲಿ ಅಳೆದದ್ದು ಎಂದು ಈಗ ಒಕ್ಕೂಟ ಎಲ್ಲ ಗುಂಪುಗಳನ್ನೂ ಕೇಳುತ್ತದೆ. ಅವರು ಕೇಳುವ ಮೊದಲು ನೀನೇ ಹೇಳಿದರೆ ನಿನಗೆ ಒಳ್ಳೆಯದು. ಹೆದರಿಸುತ್ತಿಲ್ಲ, ಹಳೇ ಸಲಿಗೆಯಿಂದ ಹೇಳುತ್ತಿದ್ದೇನೆ.

ನನಗೆ ಊಟ ತಪ್ಪುವುದಿಲ್ಲ ಎಂದುಕೊಂಡೆಯಲ್ಲ, ಊಟ ತಪ್ಪಿದ್ದು ಯಾರಿಗೆ ಎಂದು ಒಂದು ಸಲವಾದರೂ ಕೇಳಿದೆಯಾ? ಆ ಹುಡುಗಿಯ ಕೈ ಪಳಗಿಲ್ಲ ಎಂದೆ, ಅವಸರದವಳು ಎಂದೆ. ತಪ್ಪೇ ಇಲ್ಲದ ಪುಡಿಯನ್ನು ಅವಳು ಮತ್ತೆ ಮತ್ತೆ ಮಾಡುತ್ತಿದ್ದಾಳೆ ಎಂದು ಗೊತ್ತಿದ್ದೂ ಹಬ್ಬದ ಶುಭಾಶಯ ಬರೆದು ಕಳಿಸಿದೆ. ಅಂಕಿ ಕದ್ದದ್ದನ್ನು ಹೇಗೋ ಸಹಿಸಬಹುದು. ಇದನ್ನು ಹೇಗೆ ಮಾಡಿದೆ ಲಸ್ಸಾದ್, ಯಾವ ಮುಖ ಹೊತ್ತು ಮಾಡಿದೆ?

ತಿದ್ದುಪಡಿ ಕಳಿಸು. ಖೌಲಾಳಿಗೆ ನಿನ್ನ ಕೈಯಾರೆ ಪತ್ರ ಬರೆ. ಅದನ್ನು ನಾನು ತಲುಪಿಸುತ್ತೇನೆ. ಇವೆರಡೂ ಆಗುವವರೆಗೆ ನನಗೆ ಬರೆಯಬೇಡ.

ನಜ್ಲಾ


ಮ್ಯೂನಿಕ್, 14 ನವೆಂಬರ್ 2018

ನಜ್ಲಾ,

ಎರಡೂ ಆಯಿತು. ನಮ್ಮ ಬಣ್ಣ ಸಾವಿರಕ್ಕೆ ಒಂದು ಎಂದು ಒಕ್ಕೂಟಕ್ಕೆ ಬರೆದಿದ್ದೇನೆ. ಬೇರೆ ಊರಿನಲ್ಲಿ, ಬೇರೆಯವರ ಕೈಯಲ್ಲಿ ಎಲ್ಲವನ್ನೂ ಮತ್ತೆ ಅಳೆಸುತ್ತಾರಂತೆ. ನಿಮ್ಮದೇ ಆಯ್ಕೆಯಾಗುತ್ತದೆ. ಪ್ರೊಫೆಸರ್ ನನ್ನೊಡನೆ ಮಾತು ಬಿಟ್ಟಿದ್ದಾರೆ. ನನ್ನ ಒಪ್ಪಂದ ಮಾರ್ಚಿಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ ಎಂದು ತಿಳಿಸಿಯಾಗಿದೆ.

ಜೊತೆಗಿರುವ ಲಕೋಟೆ ಖೌಲಾ ಅವರಿಗೆ. ಎಲ್ಲ ಬರೆದಿದ್ದೇನೆ, ಏನನ್ನೂ ಬಿಟ್ಟಿಲ್ಲ. ಅವರು ಏನೆಂದರು ಎಂದು ತಿಳಿಸುತ್ತೀಯಾ?

ಲಸ್ಸಾದ್


ಸ್ಫಾಕ್ಸ್, 26 ನವೆಂಬರ್ 2018

ಲಸ್ಸಾದ್,

ಕೇಳಿದ್ದೀಯಲ್ಲ, ತಿಳಿಸುತ್ತೇನೆ.

ಲಕೋಟೆ ಹಿಡಿದು ನಾನೇ ಅವಳ ಮನೆಗೆ ಹೋದೆ. ಆಗಷ್ಟೇ ಕೆಲಸದಿಂದ ಬಂದಿದ್ದಳು, ಮೈಯೆಲ್ಲ ಹೊಸ ಎಣ್ಣೆಯ ವಾಸನೆ. ಅವಳ ತಾಯಿ ಚಹಾ ತಂದಿಟ್ಟು ನನ್ನ ಮುಖ ನೋಡದೆ ಒಳಗೆ ಹೋದರು. ನಾನು ಸಂಭ್ರಮದಿಂದ ಎಲ್ಲ ಹೇಳಿದೆ. ಬಣ್ಣ ಗೆದ್ದ ಹಾಗೆಯೇ, ಲೇಖನದಲ್ಲಿ ನಿನ್ನ ಹೆಸರೇ ಮೊದಲು, ನಿನ್ನ ಜಾಗ ಹಾಗೇ ಇದೆ, ನಾಳೆಯೇ ಬಾ ಎಂದೆ. ಅವಳು ನಿನ್ನ ಪತ್ರವನ್ನು ಕೊನೆಯವರೆಗೂ ಓದಿ ಮಡಚಿ ನನ್ನ ಕೈಗೇ ವಾಪಸು ಕೊಟ್ಟಳು.

"ಇದು ನಂಗ್ಯಾಕೆ ಮೇಡಂ?"

"ಅವ್ನು ತಪ್ಪು ಒಪ್ಕೊಂಡಿದಾನಮ್ಮ. ಕ್ಷಮೆ ಕೇಳಿದಾನೆ."

"ಕೇಳ್ಲಿ ಬಿಡಿ. ಅವ್ರು ನನ್ನ ಮುಖಾನೂ ನೋಡಿಲ್ಲ, ನನ್ನ ಕೈಕೆಲಸಾನೂ ನೋಡಿಲ್ಲ. ಕೂತಲ್ಲೇ ಒಂದು ಮಾತು ಬರೆದ್ರು. ನೀವು ಆರು ವರ್ಷ ಪಕ್ಕದಲ್ಲೇ ನಿಂತು ನೋಡಿದೀರಿ. ಆ ಮೇಣ ಹಚ್ಚಿದ್ದೂ ನೋಡಿದೀರಿ. ನೀವ್ಯಾಕೆ ಮೇಡಂ ನಂಬಿದ್ರಿ?"

ಎಲ್ಲದಕ್ಕೂ ಪಟ್ಟನೆ ಉತ್ತರ ಕೊಡುವ ಬಾಯಿ ನನ್ನದು, ನಿನಗೆ ಗೊತ್ತು. ಆದರೆ ಪತ್ರ ಮ್ಯೂನಿಕ್‌ನಿಂದ ಬಂದಿತ್ತು ಎನ್ನುವುದು ಬಿಟ್ಟರೆ ಬೇರೆ ಕಾರಣ ನನ್ನಲ್ಲಿ ಇರಲಿಲ್ಲ. ಅದನ್ನು ಅವಳ ಮುಂದೆ ಹೇಗೆ ಹೇಳಲಿ?

"ಚಹಾ ಆರ್ತಾ ಇದೆ ಮೇಡಂ, ಕುಡೀರಿ," ಎಂದಳು. ಕುಡಿದೆ. ಬಾಗಿಲವರೆಗೂ ಬಂದು ಮರ್ಯಾದೆಯಿಂದ ಕಳಿಸಿಕೊಟ್ಟಳು. ಮತ್ತೆ ಬರುತ್ತೇನೆ ಎಂದು ಮಾತ್ರ ಅನ್ನಲಿಲ್ಲ.

ನಿನ್ನ ಕೆಲಸ ಹೋಗುತ್ತದೆ ಎಂದು ಓದಿ ಸಂಕಟವಾಯಿತು. ಸುಳ್ಳು ಹೇಳಲಾರೆ, ಸಮಾಧಾನವೂ ಆಯಿತು. ನಿನ್ನ ಮೇಲಿನ ಸಿಟ್ಟು ಇನ್ನೂ ಮುಗಿದಿಲ್ಲ ಲಸ್ಸಾದ್. ಆದರೆ ಅವಳ ಮನೆಯಿಂದ ವಾಪಸು ಬರುವಾಗ ಅದರಲ್ಲಿ ಅರ್ಧ ನನ್ನ ಪಾಲಿಗೆ ಬಂತು.

ನಜ್ಲಾ